ಹೋಗದವಳ ಬೀಳ್ಕೊಡುಗೆ

ಸಬ್ಬಸಿಗೆ ಸೊಪ್ಪಿನ ವಾಸನೆ, ಕಾಫಿಗಿಂತ ಮೊದಲು ಅದೇ ಮೂಗಿಗೆ ಹತ್ತಿತು, ಕಾರಿಡಾರಿನಲ್ಲೇ, ಕೈ ತೊಳೆದ ನೀರು ಇನ್ನೂ ಮೊಣಕೈಗೆ ಇಳಿಯುತ್ತಿರುವಾಗಲೇ — ಇವತ್ತು ಯಾರ ಹುಟ್ಟುಹಬ್ಬ, ಯಾರದೂ ಇಲ್ಲವಲ್ಲ, ನಮ್ಮ ಹಾಲಿನ ಡೈರಿಯಲ್ಲಿ ನವೆಂಬರಿನಲ್ಲಿ ಹುಟ್ಟಿದವರೇ ಇಲ್ಲ, ಫೆಬ್ರವರಿ ಚಳೀಲಿ ಯಾವ ಗಂಡಸಿಗೆ ಕಣೇ ಹುಮ್ಮಸ್ಸು ಅಂತ ಪಿರ್ಕೊ ವರ್ಷ ವರ್ಷವೂ ಅದೇ ಹಳೇ ಜೋಕು ಹೇಳಿ ತಾನೇ ನಗುತ್ತಾಳೆ, ನಗುತ್ತಿದ್ದಳು, ಅವಳು ನನ್ನ ಜೊತೆ ನಕ್ಕು ಎಷ್ಟು ಕಾಲವಾಯಿತೋ — ತಲೆಯ ಬಲೆ ಕಿತ್ತು ಜೇಬಿಗೆ ತುರುಕಿ ಭುಜದಿಂದ ಬಾಗಿಲು ತಳ್ಳಿದೆ, ಎಲ್ಲರೂ ನಿಂತಿದ್ದಾರೆ. ಕಾಫಿ ಕೋಣೆಯಲ್ಲಿ ಯಾರಾದರೂ ನಿಲ್ಲುತ್ತಾರೆಯೇ, ನಸುಕಿನಿಂದ ಒದ್ದೆ ನೆಲದ ಮೇಲೆ ನಿಂತು ನಿಂತು ಕಾಲು ಸೋತ ಜನ ಇಲ್ಲಿಗೆ ಬರುವುದೇ ಕೂರುವುದಕ್ಕೆ, ಆದರೆ ಇವರು ಗೋಡೆಯುದ್ದಕ್ಕೂ ಸಾಲಾಗಿ, ಕೈ ಮುಂದೆ ಕಟ್ಟಿಕೊಂಡು, ಬಿಳಿ ಕೋಟು, ಬಿಳಿ ಟೋಪಿ, ಎಲ್ಲರ ಕಣ್ಣೂ ಒಂದೇ ಕಡೆ, ನನ್ನ ಮುಖದ ಮೇಲಲ್ಲ, ಗದ್ದದ ಕೆಳಗೆ ಎಲ್ಲೋ. ಮೇಜಿಗೆ ಬಿಳಿ ಬಟ್ಟೆ ಹಾಸಿದ್ದಾರೆ, ಬಟ್ಟೆಯ ಮೇಲೆ ಕೇಕು, ಸಿಹಿಯದಲ್ಲ, ನಮ್ಮ ಬ್ರೆಡ್ಡಿನ ಕೇಕು, ಬ್ರೆಡ್ಡಿನ ಮೇಲೆ ಬ್ರೆಡ್ಡು ಪೇರಿಸಿ ನಡುವೆ ಮೀನು ಮೊಟ್ಟೆ ತುಂಬಿ ಮೈಗೆಲ್ಲ ಬಿಳಿ ಚೀಸು ಮೆತ್ತಿ, ಸೌತೆಕಾಯಿ ಸುರುಳಿ, ಸಿಗಡಿ, ಸಬ್ಬಸಿಗೆ, ನಡುವೆ ಕೆಂಪು ದೊಣ್ಣೆಮೆಣಸಿನಕಾಯಿ ಸೀಳಿ ಸೀಳಿ ಜೋಡಿಸಿದ ಹೆಸರು. ಇರ್ಮೆಲಿ. ಅದರ ಕೆಳಗೆ, ಧನ್ಯವಾದ. ಕೇಕಿನ ಪಕ್ಕದಲ್ಲಿ ಒಂದು ಮೇಣದ ಬತ್ತಿ ಉರಿಯುತ್ತಿದೆ, ಬತ್ತಿಯ ಪಕ್ಕದಲ್ಲಿ ಚೌಕಟ್ಟಿನೊಳಗೆ ಒಂದು ಫೋಟೋ, ದಟ್ಟ ಕೂದಲಿನ ಹುಡುಗಿ, ಗಾಲಿಯಷ್ಟು ದುಂಡನೆಯ ಚೀಸೊಂದನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಗುತ್ತಿದ್ದಾಳೆ, ಯಾರಪ್ಪಾ ಇದು, ಯಾರು ತೀರಿಕೊಂಡರು ಅಂದುಕೊಂಡೆ. ಇರ್ಮೆಲಿ ಅಂದರೆ ನಾನೇ.

ಹೊರಗೆ ಧ್ವಜದ ಕಂಬಕ್ಕೆ ಹಗ್ಗ ಬಡಿಯುತ್ತಿದೆ, ಟಣ್, ಟಣ್, ಬಾವುಟವಿಲ್ಲ, ಬರೀ ಹಗ್ಗ, ಗಾಳಿ ಕೆರೆಯ ಕಡೆಯಿಂದ, ಬೆಳಗಾಗಿದೆ ಎಂದು ಗಡಿಯಾರ ಹೇಳಿದರೂ ಕಿಟಕಿ ಇನ್ನೂ ಕಪ್ಪು, ಕಿಟಕಿಯ ಗಾಜಿನಲ್ಲಿ ಬಿಳಿ ಕೋಟುಗಳ ಸಾಲು, ಬತ್ತಿಯ ಉರಿ, ನಾನು ಮಾತ್ರ ಆ ಗಾಜಿನಲ್ಲಿ ಎಲ್ಲಿದ್ದೇನೋ ಕಾಣುತ್ತಿಲ್ಲ, ಬಾಗಿಲಿನ ಅಂಚಿಗೆ ಸರಿಯಾಗಿ ನಿಂತಿದ್ದೇನೆ, ಅಷ್ಟೇ, ಅದಕ್ಕೇ ಕಾಣುತ್ತಿಲ್ಲ. ಯಾರ್ಮೊ ಗಂಟಲು ಸರಿಮಾಡಿಕೊಂಡ, ಯಾರ್ಮೊ ನಮ್ಮ ಮ್ಯಾನೇಜರು, ನನ್ನ ಕಿರಿ ತಮ್ಮನಿಗಿಂತ ಚಿಕ್ಕವನು, ಅವನೂ ಇವತ್ತು ಬಿಳಿ ಕೋಟು ಹಾಕಿಕೊಂಡಿದ್ದಾನೆ, ಇಸ್ತ್ರಿಯ ಮಡಿಕೆ ಕೂಡ ಮುರಿದಿಲ್ಲ, ಬನ್ನಿ ಇರ್ಮೆಲಿ, ನಿಮ್ಗೇ ಕಾಯ್ತಾ ಇದ್ವಿ. ನೀವು? ಇಷ್ಟು ವರ್ಷ ನಾನು ಅವನಿಗೆ ನೀನು, ಅವನು ನನಗೆ ನೀನು, ಇಲ್ಲಿ ಯಜಮಾನನಿಗೂ ನೆಲ ಒರೆಸುವವಳಿಗೂ ಒಂದೇ ನೀನು, ನೀವು ಅನ್ನುವುದು ಆಸ್ಪತ್ರೆಯ ಹಾಸಿಗೆ ಹಿಡಿದ ಮುದುಕರಿಗೆ, ಈ ಗೌರವ ನನಗೆ ಯಾವಾಗ ಬಂತು. ಇರ್ಮೆಲಿ ನಮ್ಮ ಜೊತೆ ಇದ್ರು ಅನ್ನೋದೇ ನಮ್ಗೊಂದು ಹೆಮ್ಮೆ, ಈ ಗೋಡೆಗಳಿಗಿಂತ ಹಳಬ್ರು ಅವರು, ಯಾವತ್ತೂ ಒಂದು ದಿನ ತಡ ಮಾಡ್ಲಿಲ್ಲ, ಯಾವತ್ತೂ ಜೋರಾಗಿ ಮಾತಾಡ್ಲಿಲ್ಲ, ಅವರ ಕೈಲಿ ಎಷ್ಟು ಜನ ಕೆಲ್ಸ ಕಲಿತ್ರೋ — ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ, ಇದ್ದರು, ಮಾಡಿದರು, ಕಲಿಸಿದರು, ಇದೇ ಮಾತು ಪಾದ್ರಿ ನನ್ನ ಗಂಡ ಓಲವಿಯ ಬಗ್ಗೆ ಆಡಿದ್ದರು, ಓಲವಿ ಯಾವತ್ತೂ ಜೋರಾಗಿ ಮಾತಾಡಿದವರಲ್ಲ, ಹೌದು ಸ್ವಾಮಿ, ಶವಪೆಟ್ಟಿಗೆಯಲ್ಲಿ ಯಾರು ಜೋರಾಗಿ ಮಾತಾಡುತ್ತಾರೆ. ಈಗ ಅವರು ತಾವಾಗೇ ವಿಶ್ರಾಂತಿ ಬಯಸಿದಾರೆ, ಯಾರ್ಮೊ ಅನ್ನುತ್ತಿದ್ದಾನೆ, ಕೆರೆ ದಂಡೆಯ ಮನೆ, ಸೌನಾ, ಮೀನು, ನಮ್ಗೆಲ್ಲ ಹೊಟ್ಟೆಕಿಚ್ಚು, ಅಲ್ವೇನ್ರಪ್ಪಾ, ಅಂದಾಗ ಸಾಲಿನಲ್ಲಿ ಸಣ್ಣಗೆ ಒಂದು ನಗು ಹರಿದು ನಿಂತಿತು. ತಾವಾಗೇ? ನಾನು ಯಾವಾಗ ಬಯಸಿದೆ? ನಾನು ರಾಜೀನಾಮೆ ಕೊಟ್ಟಿಲ್ಲ.

ಕೊಟ್ಟಿಲ್ಲ ತಾನೇ? ಇರ್ಮೆಲಿ, ಸರಿಯಾಗಿ ನೆನಪು ಮಾಡಿಕೋ, ಓಲವಿ ಹೋದಮೇಲೆ ನಿದ್ದೆ ಮಾತ್ರೆ ನುಂಗಿ ಮಲಗುತ್ತೀಯಲ್ಲ, ಬೆಳಗ್ಗೆ ಏಳುವಾಗ ಕೆಲವೊಮ್ಮೆ ಒಲೆಯ ಮೇಲೆ ಪಾತ್ರೆ ಇಟ್ಟಿದ್ದು ಯಾರು ಎಂದು ನಿನಗೇ ಗೊತ್ತಿರುವುದಿಲ್ಲ, ಯಾವತ್ತಾದರೂ ಏನಾದರೂ ಹೇಳಿದೆಯಾ, ಯಾರ ಕೈಗಾದರೂ ಏನಾದರೂ ಕೊಟ್ಟೆಯಾ — ಥೂ, ಇಲ್ಲ, ನನಗೇನು ಅರಳುಮರುಳೇ, ಕೊಟ್ಟಿಲ್ಲ, ಕೊಡಬೇಡ ಎಂದು ಹೆಲ್ಸಿಂಕಿಯ ಆ ಹೆಂಗಸು ಎಷ್ಟು ಸಲ ಹೇಳಿದ್ದಾಳೆ, ಸರ್ಕಾರದ ಸಮಾನತೆಯ ಕಚೇರಿಯ ವಕೀಲೆ, ಮುಖ ನೋಡಿಲ್ಲ, ಫೋನಿನಲ್ಲಿ ದನಿ ಮಾತ್ರ, ಸ್ವಲ್ಪ ಶೀತವಾದವಳ ದನಿ, ನೋಡು ಇರ್ಮೆಲಿ, ಕಾನೂನು ದೂರು ಕೊಟ್ಟವಳನ್ನ ಮಾತ್ರ ಕಾಯಲ್ಲ, ಅವಳ ಪರ ನಿಂತು ಸಾಕ್ಷಿ ಹೇಳೋಳನ್ನೂ ಕಾಯ್ತದೆ, ನಿನ್ ಮೇಲೆ ಸೇಡು ತೀರಿಸ್ಕೊಂಡ್ರೆ ಅದೂ ತಾರತಮ್ಯಾನೇ, ತೆಗೆದು ಹಾಕಿದ್ರೆ ಯಾಕೆ ತೆಗೆದ್ವಿ ಅಂತ ಕೋರ್ಟಿಗೆ ಒಪ್ಪಿಸೋ ಹೊಣೆ ಅವರ ತಲೆ ಮೇಲೆ, ನಿನ್ನ ತಲೆ ಮೇಲಲ್ಲ. ಆಮೇಲೆ ಕೆಮ್ಮಿ, ಆದ್ರೆ ನೀನಾಗೇ ಎದ್ದು ಹೋದ್ರೆ ನನ್ನ ಕೈ ಕಟ್ಟಿ ಹೋಗ್ತದೆ ನೋಡು, ತಾನಾಗಿ ನಗ್ತಾ ನಗ್ತಾ ಹೋದ್ಲು ಅಂತಾರೆ, ಏನೇ ಆಗ್ಲಿ ಅಲ್ಲೇ ಇರು, ಏನು ಮಾಡಿದ್ರೂ ಹೋಗ್ಬೇಡ. ಹೂಂ ಅಂದೆ, ಅದಕ್ಕೇ ಅಲ್ಲವೇ ಇಲ್ಲಿ ಇರುವುದು, ಇದ್ದೇನೆ, ನೋಡಿ, ಇಲ್ಲೇ ಇದ್ದೇನಲ್ಲ, ಬಾಗಿಲ ಹತ್ತಿರ.

ವೆನ್ಲಾ. ಎಲ್ಲ ಶುರುವಾಗಿದ್ದು ವೆನ್ಲಾಳಿಂದ, ಅಲ್ಲ, ಅವಳಿಂದ ಅನ್ನಬಾರದು, ಪಾಪದ ಹುಡುಗಿ, ಅನ್ಯಾಯ ಮಾಡಿದವನೊಬ್ಬ, ಹೆಸರು ಕೆಟ್ಟಿದ್ದು ಅವಳದು. ಕರಾರಿನ ಮೇಲೆ ಬಂದಳು, ಪ್ಯಾಕಿಂಗಿನಲ್ಲಿ ನನ್ನ ಪಕ್ಕ ನಿಂತಳು, ಕರಾರು ಮುಗಿದಾಗಲೆಲ್ಲ ಯಾರ್ಮೊ ಬೆನ್ನು ತಟ್ಟಿ ಮುಂದುವರಿಸಿದ, ಹೀಗೆ ಇನ್ನೊಂದು, ಮತ್ತೊಂದು. ಒಂದು ಶುಕ್ರವಾರ ಡೈರಿಯ ಸೌನಾದ ಬಿಸಿ ಹಬೆಯಲ್ಲಿ ನಾವು ಮೂವರು ಹೆಂಗಸರು ಬೆವರುತ್ತ ಕೂತಿದ್ದಾಗ ವೆನ್ಲಾ ಕಾವು ಹೆಚ್ಚಿರುವ ಮೇಲಿನ ಮೆಟ್ಟಿಲಿಗೆ ಹತ್ತಲಿಲ್ಲ, ಕೆಳಗಿನದರಲ್ಲೇ ಕೂತಳು, ಪಿರ್ಕೊ ನನ್ನ ಪಕ್ಕೆಗೆ ತಿವಿದು, ನೋಡ್ದೇನೇ, ಮೊಟ್ಟೆ ಇಡೋ ಕೋಳಿ ಕಾವಿನಿಂದ ದೂರ ಕೂತಿದೆ, ಅಂದಳು, ಮೂವರೂ ನಕ್ಕೆವು, ವೆನ್ಲಾ ಕೂಡ ನಕ್ಕಳು, ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದು ಯಾರ್ಮೊನ ಕಿವಿಗೆ ಹೇಗೆ ಹೋಯಿತೋ ನಾನು ಕೇಳಲಿಲ್ಲ. ಇದೇ ಮೇಜು, ಆ ತುದಿಯಲ್ಲಿ ಅವನು, ಈ ಕಡೆ ನಾನು ಮತ್ತು ಪಿರ್ಕೊ, ಉಳಿದವರು ಬಿಸಿಲಿಗೆಂದು ಅಂಗಳಕ್ಕೆ ಹೋಗಿದ್ದರು, ಬೇಸಗೆಯ ಕಾಫಿ ಹೊತ್ತು, ಅವನು ಕಾಫಿಗೆ ಹಾಲು ಹುಯ್ದು ಕಲಕುತ್ತ, ವೆನ್ಲಾದು ಇನ್ನು ಮುಂದುವರಿಸೋದು ಬೇಡ, ಹೊಟ್ಟೆ ಬಂದಿದೆ, ತೊಟ್ಟಿಲು ತೂಗೋಳನ್ನ ಕಟ್ಕೊಂಡು ನಾನೇನು ಮಾಡ್ಲಿ — ಚಮಚವನ್ನು ಕಪ್ಪಿನ ಅಂಚಿಗೆ ತಟ್ಟಿದ, ಟಣ್. ಕೇಳಿಸಿತು, ನನಗೂ ಕೇಳಿಸಿತು, ಪಿರ್ಕೊಗೂ ಕೇಳಿಸಿತು, ಅವಳು ಬಿಸ್ಕತ್ತು ಕಚ್ಚುತ್ತಿದ್ದವಳು ಕಚ್ಚುವುದನ್ನು ನಿಲ್ಲಿಸಿದಳು, ಬಿಸ್ಕತ್ತು ಹಲ್ಲಿನ ನಡುವೆ ಹಾಗೇ ಇತ್ತು, ನಾನು ನೋಡಿದೆ. ವೆನ್ಲಾಗೆ ಹೇಳಿದ್ದು ಮಾತ್ರ, ಆರ್ಡರು ಕಡಿಮೆ ಆಗಿದೆ ಕಣಮ್ಮಾ, ಏನ್ ಮಾಡೋದು. ಎಲೆ ಉದುರುವ ಮುಂಚೆ ಅವಳ ಜಾಗಕ್ಕೆ ಪಿರ್ಕೊಳ ಅಳಿಯ ಬಂದ.

ವೆನ್ಲಾ ದೂರು ಕೊಟ್ಟಮೇಲೆ ಪಿರ್ಕೊಳನ್ನೂ ಕೇಳಿದರು, ವಕೀಲೆಯೇ ಫೋನು ಮಾಡಿದಳಂತೆ, ಪಿರ್ಕೊ ಅಂದಳಂತೆ, ಯಂತ್ರ ಓಡ್ತಾ ಇತ್ತು, ನಂಗೇನೂ ಕೇಳಿಸ್ಲಿಲ್ಲ. ಅಷ್ಟೇ. ಅಲ್ಲಿಗೆ ಮುಗಿಯಿತು, ಉಳಿದವಳು ನಾನೊಬ್ಬಳು, ವೆನ್ಲಾ ಮಗುವನ್ನು ಎದೆಗೆ ಹಾಕಿಕೊಂಡು ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು, ಇರ್ಮೆಲಿ, ನೀನೂ ಹಿಂದೆ ಸರಿದ್ರೆ ನಾನು ಸುಳ್ಳಿ ಆಗೋಗ್ತೀನಿ, ಊರಲ್ಲಿ ಇನ್ಯಾರು ನಂಗೆ ಕೆಲ್ಸ ಕೊಡ್ತಾರೆ, ಅಂದಳು, ಮಗು ನನ್ನನ್ನೇ ನೋಡುತ್ತಿತ್ತು, ರೆಪ್ಪೆ ಮಿಟುಕಿಸದೆ. ಸರಿಯೋದಿಲ್ಲ ಹೋಗೇ, ಅಂದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಬಂಗಾರ ಸಾಕಷ್ಟು ಕೂಡಿಟ್ಟಾಗಿದೆ. ಕೇಳಿಸಿದ್ದನ್ನು ವಕೀಲೆಗೆ ಹೇಳಿದೆ, ಆಮೇಲೆ ಶುರುವಾಯಿತು, ಶುರುವಾದದ್ದೂ ಗೊತ್ತಾಗಲಿಲ್ಲ, ಯಾರೂ ಬೈಯಲಿಲ್ಲ, ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಬೈಗುಳಕ್ಕೆ ನನ್ನಲ್ಲೇನು ಬರವೇ. ನನ್ನನ್ನು ನೆಲಮಾಳಿಗೆಗೆ ಹಾಕಿದರು, ಉಪ್ಪುನೀರಿನ ತೊಟ್ಟಿಗಳ ಹತ್ತಿರ, ಬೆನ್ನಿಗೆ ಹಗುರವಾಗ್ಲಿ ಅಂತ ಇರ್ಮೆಲಿ, ಅಂದ ಯಾರ್ಮೊ. ಅಲ್ಲಿ ಚೀಸುಗಳು ಉಪ್ಪುನೀರಿನಲ್ಲಿ ಮುಖ ಮೇಲೆ ಮಾಡಿ ತೇಲುತ್ತವೆ, ಹಳದಿ ಮುಖಗಳು, ಮಗುಚಿ ಹಾಕಿದರೆ ನಿಧಾನಕ್ಕೆ ಮತ್ತೆ ತಿರುಗುತ್ತವೆ, ಮನುಷ್ಯರ ದನಿ ಇಲ್ಲ, ದಿನವೆಲ್ಲ ಪಂಪಿನ ಗುಂಯ್ ಮಾತ್ರ, ಸಂಜೆ ಮೇಲೆ ಬಂದು ಮಾತಾಡಲು ಹೋದರೆ ಗಂಟಲಿನಿಂದ ಗಾಳಿ ಬರುತ್ತಿತ್ತು. ಕಾಫಿಗೆ ಬಂದು ಕೂತರೆ ನನ್ನ ಆಚೆ ಈಚೆಯ ಕುರ್ಚಿಗಳವರಿಗೆ ಏನೋ ಕೆಲಸ ನೆನಪಾಗುತ್ತಿತ್ತು, ತುಂಬಾ ಮರ್ಯಾದೆಯಿಂದ ಏಳುತ್ತಿದ್ದರು, ಕಪ್ಪನ್ನು ಸದ್ದಿಲ್ಲದೆ ಎತ್ತಿಕೊಂಡು. ಹಾಲಿಗೆ ಹುಳಿ ಹಿಂಡಿದವಳು ನಾನೇ ಎನ್ನುವ ಹಾಗೆ. ಇವತ್ತು ಬೆಳಗ್ಗೆ ಗೇಟಿಗೆ ಕಾರ್ಡು ತೋರಿಸಿದರೆ ಹಸಿರು ದೀಪ ಬರಲಿಲ್ಲ, ಒರೆಸಿ ತೋರಿಸಿದೆ, ಉಸಿರು ಊದಿ ತೋರಿಸಿದೆ, ಬರಲಿಲ್ಲ, ಪಿರ್ಕೊ ಒಳಗಿನಿಂದ ಬಂದು ಬಾಗಿಲು ತೆಗೆದು, ಚಳಿಗೆ ಹಾಗಾಗ್ತದೆ, ಅಂದಳು. ನನ್ನ ಬೀರುವಿನ ಮೇಲೆ ಹೆಸರಿನ ಚೀಟಿ ಇದ್ದ ಜಾಗದಲ್ಲಿ ಬಣ್ಣ ಮಾಸದ ಚೌಕವೊಂದಿತ್ತು. ಅಂಟು ಸೋತಿರಬೇಕು ಅಂದುಕೊಂಡು ಕೆಳಗೆ ಹೋದೆ, ಕೆಲಸ ಮಾಡಿದೆ.

ಈಗ ತಿಳಿಯಿತು, ಅಬ್ಬಾ, ಎಂಥ ತಲೆ ನಿನ್ನದು ಯಾರ್ಮೊ, ತೆಗೆಯಲಾರ, ತೆಗೆದರೆ ಕಾನೂನು ಕತ್ತಿನ ಪಟ್ಟಿ ಹಿಡಿಯುತ್ತದೆ, ಅದಕ್ಕೇ ಬೀಳ್ಕೊಡುತ್ತಿದ್ದಾನೆ, ಹೂವು ಹಣ್ಣು ಕೊಟ್ಟು, ಮೇಣದ ಬತ್ತಿ ಹಚ್ಚಿ, ಊರೆಲ್ಲ ನೋಡುವ ಹಾಗೆ. ಆಫೀಸಿನ ಹುಡುಗಿ ಮೊಬೈಲು ಎತ್ತಿ ಹಿಡಿದು ಕಾಯುತ್ತಿದ್ದಾಳೆ, ನಾನು ನಗುತ್ತ ಕೇಕು ಕತ್ತರಿಸಿದ ಚಿತ್ರ ಒಂದು ಬಂದರೆ ಆಯಿತು, ನೋಡಿ ಸ್ವಾಮಿ, ಸೇಡಂತೆ ಸೇಡು, ಎಷ್ಟು ಖುಷಿಯಾಗಿ ಹೋದರು ನೋಡಿ. ಆದರೆ ಇವರಿಗೆಲ್ಲ ಏನು ಹೇಳಿದ, ಇವರು ನಂಬಿದ್ದಾರೆಯೇ, ನಂಬಿದ ಹಾಗೆ ನಿಂತಿದ್ದಾರೆಯೇ — ಓಹೋ, ಆವತ್ತು. ಹೋದ ವಾರ ಕೋಣೆಗೆ ಕರೆದಿದ್ದ, ವರ್ಷಕ್ಕೊಮ್ಮೆ ಎಲ್ಲರನ್ನೂ ಕರೆಯುತ್ತಾನೆ, ಕುಶಲ ವಿಚಾರಿಸುವುದಕ್ಕೆ, ಓಲವಿ ಹೋದಮೇಲೆ ಕಷ್ಟ ಆಗಿರ್ಬೇಕು ಇರ್ಮೆಲಿ, ಅಂದ, ನಾನು ಹ್ಞೂಂ ಅಂದೆ, ಉಸಿರು ಒಳಕ್ಕೆಳೆದುಕೊಂಡು, ನಾವೆಲ್ಲ ಅನ್ನುವ ಹಾಗೆ, ಕತೆ ಕೇಳುವವರು ಹೂಂಗುಟ್ಟುವ ಹಾಗೆ, ಈ ಊರಿನಲ್ಲಿ ಎದುರಿಗಿದ್ದವರು ಮನೆ ಸುಟ್ಟುಹೋಯಿತು ಎಂದರೂ ಹ್ಞೂಂ, ಮಗಳಿಗೆ ಮದುವೆ ಎಂದರೂ ಹ್ಞೂಂ, ಕೇಳುತ್ತಿದ್ದೇನೆ ಎಂದಷ್ಟೇ ಅದರ ಅರ್ಥ. ಆಯಾಸ ಆಗ್ತಿರ್ಬೇಕು, ಹ್ಞೂಂ. ಕೆರೆ ಮನೇಲಿ ಹಾಯಾಗಿರೋಣ ಅನ್ನಿಸ್ತಿರ್ಬೇಕು, ಹ್ಞೂಂ. ಹಾಗಾದ್ರೆ ಕ್ರಿಸ್ಮಸ್ಸಿಗೆ ಮುಂಚೇನೇ ಎಲ್ಲ ಚೆನ್ನಾಗಿ ಮುಗಿಸೋಣ, ಏನಂತೀಯಾ — ಏನು ಮುಗಿಸುವುದು ಎಂದು ನಾನು ಯೋಚಿಸುತ್ತಿದ್ದೆ, ಯೋಚಿಸುವಾಗಲೂ ಆ ಹಾಳು ಉಸಿರು ತಾನಾಗೇ ಒಳಗೆ ಹೋಯಿತು. ಅವನಿಗೆ ಗೊತ್ತು, ಅವನೂ ಈ ಊರಿನವನೇ, ಅದೇ ಹ್ಞೂಂಗುಟ್ಟಿ ಬೆಳೆದವನು. ಗೊತ್ತಿದ್ದೇ ಆ ಹ್ಞೂಂ ಅನ್ನು ಒಪ್ಪಿಗೆಯೆಂದು ಎತ್ತಿಟ್ಟುಕೊಂಡ.

ಕೇಕು ಪಿರ್ಕೊಳದು. ನೋಡಿದ ತಕ್ಷಣ ಗೊತ್ತಾಯಿತು, ಸೌತೆಕಾಯಿಯನ್ನು ಹಾಗೆ ತೆಳ್ಳಗೆ ಸುರುಳಿ ಸುತ್ತುವವರು ಊರಿನಲ್ಲಿ ಅವಳೊಬ್ಬಳೇ, ಮದುವೆಗೂ ಅವಳದೇ ಕೇಕು, ಮಕ್ಕಳು ಪಾಸಾದರೂ ಅವಳದೇ, ಸತ್ತರೂ ಅವಳದೇ, ಓಲವಿಯ ದಿನ ಚರ್ಚಿನ ಪಕ್ಕದ ಸಭಾಭವನದಲ್ಲಿ ಇದೇ ಕೇಕು, ಇದೇ ಬಿಳಿ ಬಟ್ಟೆ, ಪಕ್ಕದಲ್ಲಿ ಬತ್ತಿ, ಬತ್ತಿಯ ಪಕ್ಕ ಓಲವಿಯ ಫೋಟೋ, ನಾವಿಕರ ಟೋಪಿ ಹಾಕಿಕೊಂಡದ್ದು. ಎಲ್ಲರೂ ಗೋಡೆಯುದ್ದಕ್ಕೂ ನಿಂತಿದ್ದರು, ಹೀಗೇ, ಯಾರೂ ಮುಂದೆ ಬರಲಿಲ್ಲ, ನಮ್ಮಲ್ಲಿ ಯಾರ ಹೆಸರಿನ ಕೇಕೋ ಅವರು ಕತ್ತರಿಸದೆ ಬೇರೆಯವರು ಮುಟ್ಟುವುದಿಲ್ಲ, ಹೊಟ್ಟೆ ಎಷ್ಟೇ ಚುರುಗುಟ್ಟಲಿ, ಸತ್ತವರದಾದರೆ ಹೆಂಡತಿ ಕತ್ತರಿಸಬೇಕು. ನನಗೆ ಕೈಯೇ ಏಳುತ್ತಿರಲಿಲ್ಲ, ಆಗ ಪಿರ್ಕೊ ಬಂದು ಚಾಕು ಚಾಚಿದಳು, ಹಿಡಿ ನನ್ನ ಕಡೆ, ಅಲಗು ತನ್ನ ಅಂಗೈಯಲ್ಲಿ. ಡೈರಿಯ ಅಭ್ಯಾಸ ಅದು, ಚೀಸು ಕತ್ತರಿಸುವ ಉದ್ದ ಚಾಕುಗಳು, ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುತ್ತೇವೆ, ಚಾಕು ಕೊಡುವಾಗ ಹಿಡಿ ಎದುರಿನವರ ಕಡೆ, ಅವರು ಹಿಡಿದುಕೊಂಡ ಮೇಲೆಯೇ ನಿನ್ನ ಬೆರಳು ಬಿಚ್ಚಬೇಕು, ಅದಕ್ಕಿಂತ ಮೊದಲು ಬಿಚ್ಚಿದರೆ ಚಾಕು ಯಾರದಾದರೂ ಕಾಲ ಮೇಲೆ. ತಗೋ ಇರ್ಮೆಲಿ, ಆವತ್ತು ಅಂದಳು, ಮೆಲ್ಲಗೆ, ನಾನಿದೀನಿ. ತಗೊಂಡೆ. ಕತ್ತರಿಸಿದೆ. ಎಲ್ಲರೂ ತಿಂದರು.

ಓಲವಿ ಹೋದದ್ದು ಕೆರೆಯಲ್ಲಿ ದೋಣಿ ಕಟ್ಟಿಹಾಕುವ ಹಲಗೆಯ ಮೇಲೆ, ಕುರ್ಚಿಯಲ್ಲಿ, ಗಾಳ ನೀರಿಗಿಳಿಬಿಟ್ಟು. ನಾನು ಕಾಫಿ ತಂದು ಪಕ್ಕದಲ್ಲಿಟ್ಟು ಮಾತಾಡುತ್ತಲೇ ಇದ್ದೆ, ಸೌನಾಕ್ಕೆ ಸೌದೆ ಸಾಲದು, ಪಕ್ಕದ ಮನೆಯವರ ನಾಯಿ ಮತ್ತೆ ಬಂದಿತ್ತು, ನಿನ್ನ ಅಣ್ಣ ಫೋನು ಮಾಡಿದ್ದ, ಅವನು ಸುಮ್ಮನಿದ್ದ, ಅವನು ಯಾವಾಗಲೂ ಸುಮ್ಮನೆ ಇರುವವನೇ, ನಾನೂ ಬೇಸರಪಟ್ಟುಕೊಳ್ಳಲಿಲ್ಲ, ಕಾಫಿಯ ಮೇಲೆ ಕೆನೆ ಕಟ್ಟಿದ್ದನ್ನು ನೋಡಿದ ಮೇಲೆಯೇ ಗೊತ್ತಾದದ್ದು. ಅವನಿಗೆ ಗೊತ್ತಿತ್ತೇ, ತಾನು ಹೋಗಿದ್ದೇನೆ ಎಂದು, ಅಥವಾ ಅವನೂ ಅಲ್ಲಿ ಕೂತು, ಇದ್ದೇನಲ್ಲ, ಇಲ್ಲೇ ಇದ್ದೇನಲ್ಲ, ಇವಳು ಯಾಕೆ ಅಳುತ್ತಿದ್ದಾಳೆ ಅಂದುಕೊಂಡನೇ. ಯಾರ್ಮೊ ಏನೋ ಎತ್ತಿ ಕೊಡುತ್ತಿದ್ದಾನೆ, ಉಡುಗೊರೆ, ಕಬ್ಬಿಣದ ಲಾಂದ್ರ, ಗಾಜಿನ ಬಾಗಿಲಿನದು, ಮನೆ ಮೆಟ್ಟಿಲ ಮೇಲಿಡೋಕೆ ಚೆನ್ನಾಗಿರ್ತದೆ, ಎಲ್ಲ ಸೇರಿ ತಂದ್ವಿ, ಅನ್ನುತ್ತಿದ್ದಾನೆ, ಇಂಥದೇ ಲಾಂದ್ರ ಓಲವಿಯ ಕಲ್ಲಿನ ಮುಂದಿದೆ, ನಾನೇ ಇಟ್ಟದ್ದು, ಹೋದ ಭಾನುವಾರವೂ ಬತ್ತಿ ಬದಲಿಸಿ ಬಂದೆ. ನಾನು ಕೈ ಚಾಚಲಿಲ್ಲ, ಅವನು ಮೇಜಿನ ಮೇಲೆ ಇಟ್ಟ, ಫೋಟೋದ ಪಕ್ಕದಲ್ಲಿ, ಈಗ ಎಲ್ಲವೂ ಸೇರಿತು, ಬತ್ತಿ, ಲಾಂದ್ರ, ಫೋಟೋ, ಕೇಕು, ಪೆಟ್ಟಿಗೆಯೊಂದೇ ಬಾಕಿ ಎಂದುಕೊಂಡೆ, ಪೆಟ್ಟಿಗೆಯೂ ಇದೆ, ನನ್ನ ಕುರ್ಚಿಯ ಮೇಲೆ, ರಟ್ಟಿನದು, ಅದರೊಳಗೆ ನನ್ನ ಚಪ್ಪಲಿ, ನನ್ನ ಕೈಗೆ ಹಚ್ಚುವ ಮುಲಾಮು, ಪೇಪರಿನಲ್ಲಿ ಸುತ್ತಿಟ್ಟ ನನ್ನ ಕಪ್ಪು. ಗೋಡೆಯಲ್ಲಿ ಕಪ್ಪುಗಳ ಮೊಳೆಸಾಲು, ನನ್ನ ಮೊಳೆ ಬರಿದು.

ನಾನು ಎಲ್ಲಿಗೂ ಹೋಗ್ತಾ ಇಲ್ಲ. ಅಂದೆ. ಅಂದೆನೇ? ಗಂಟಲು ಅಲುಗಿದ್ದು ಗೊತ್ತಾಯಿತು, ಆದರೆ ಯಾರ ಮುಖದಲ್ಲೂ ಏನೂ ಆಗಲಿಲ್ಲ, ಒಂದು ರೆಪ್ಪೆ ಸರಿಯಲಿಲ್ಲ, ಯಾರ್ಮೊನ ನಗು ಇದ್ದಲ್ಲೇ ಇದೆ, ಮೊಬೈಲು ಹಿಡಿದ ಹುಡುಗಿ ಇನ್ನೂ ಹಾಗೇ ಹಿಡಿದಿದ್ದಾಳೆ, ಯೂನಿಯನ್ನಿನ ಮಾರ್ಕು ತನ್ನ ರಬ್ಬರ್ ಬೂಟುಗಳನ್ನು ಈಗ ತಾನೇ ಕೊಂಡವನ ಹಾಗೆ ನೋಡುತ್ತಿದ್ದಾನೆ. ಏ ಮಾರ್ಕು, ನೀನಾದ್ರೂ ಹೇಳೋ, ನಾನು ರಾಜೀನಾಮೆ ಕೊಟ್ಟಿದೀನಾ, ನಿನ್ನ ಕೈಗೆ ಬಾರದೆ ಯಾವ ರಾಜೀನಾಮೆ ಈ ಡೈರೀಲಿ ಹೋಗ್ತದೆ — ಇದು ಬಾಯಿಂದ ಬಂತೇ, ಒಳಗೇ ಉಳಿಯಿತೇ, ಮಾರ್ಕುವಿನ ಕುತ್ತಿಗೆ ಮಾತ್ರ ಕೆಂಪಗಾಯಿತು, ಕಿವಿಯವರೆಗೆ, ಹಾಗಾದರೆ ಕೇಳಿಸಿದೆ, ದೇವರೇ, ಕೇಳಿಸಿದೆ, ಇವರಿಗೆಲ್ಲ ನಾನು ಕೇಳಿಸುತ್ತೇನೆ, ಕಾಣಿಸುತ್ತೇನೆ, ಕೇಳಿಸಿಯೂ ಹೀಗೆ ನಿಲ್ಲಬಲ್ಲರು. ನನಗೆ ಹೆದರಿಕೆಯಾದದ್ದು ಆಗ. ಸತ್ತವಳಾಗಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಪಿರ್ಕೊ ಸಾಲಿನಿಂದ ಹೊರಗೆ ಬಂದಳು, ಚಾಕು ತಗೊಂಡಳು, ಬಂದಳು, ಅವಳ ಬೆರಳಿನ ಸಬ್ಬಸಿಗೆ ವಾಸನೆ ನನ್ನ ಮುಖದ ಹತ್ತಿರ, ಕಣ್ಣು ಗದ್ದದ ಕೆಳಗೆ ಎಲ್ಲೋ, ಚಾಕು ಚಾಚಿದಳು, ಹಿಡಿ ನನ್ನ ಕಡೆ, ಅಲಗು ತನ್ನ ಅಂಗೈಯಲ್ಲಿ. ತಗೋ ಇರ್ಮೆಲಿ, ಅಂದಳು, ಎಲ್ರೂ ಕಾಯ್ತಾ ಇದಾರೆ.

ಮತ್ತು ನನ್ನ ಕೈ, ಅಯ್ಯೋ ನನ್ನ ಕೈಯೇ, ಏಳುತ್ತಿದೆ, ತಾನಾಗೇ, ಆ ಹ್ಞೂಂ ತಾನಾಗೇ ಒಳಗೆ ಹೋದ ಹಾಗೆ, ಯಾರಾದರೂ ಏನಾದರೂ ಚಾಚಿದರೆ ತಗೊಳ್ಳಬೇಕು ಎಂದು ಅಮ್ಮ ಕಲಿಸಿದ ಕೈ, ಜನರನ್ನು ಕಾಯಿಸಬೇಡ ಎಂದು ಕಲಿತ ಕೈ, ಹಿಡಿಯ ಹತ್ತಿರ ಹೋಗುತ್ತಿದೆ, ಮೊಬೈಲಿನ ಪುಟ್ಟ ಕಣ್ಣು ಹೊಳೆಯಿತು, ಆವತ್ತು ವೆನ್ಲಾಳ ಮಗು ರೆಪ್ಪೆ ಮಿಟುಕಿಸದೆ ನೋಡುತ್ತಿತ್ತು — ಕೈಯನ್ನು ಪಕ್ಕಕ್ಕೆ ತಿರುಗಿಸಿದೆ, ರಟ್ಟಿನ ಪೆಟ್ಟಿಗೆಗೆ, ಪೇಪರು ಬಿಚ್ಚಿ ಕಪ್ಪನ್ನು ತೆಗೆದೆ, ಪೆಟ್ಟಿಗೆಯನ್ನು ನೆಲಕ್ಕಿಟ್ಟೆ, ನನ್ನ ಕುರ್ಚಿಯಲ್ಲಿ ಕೂತೆ. ಕಾಫಿ ಹುಯ್ದುಕೊಂಡೆ, ಹಾಲು ಹುಯ್ದೆ, ಕುಡಿದೆ. ಬಿಸಿಯಾಗಿದೆ, ನಾಲಿಗೆ ಸುಟ್ಟಿತು, ಒಳ್ಳೆಯದಾಯಿತು, ಸುಡುವ ನಾಲಿಗೆ ಇದೆ. ಕೇಕು ಹಾಗೇ ಇದೆ, ನಾನು ಕತ್ತರಿಸದೆ ಒಬ್ಬನೂ ಮುಟ್ಟುವ ಹಾಗಿಲ್ಲ, ಯಾರ್ಮೊ ಕೂಡ ಮುಟ್ಟುವ ಹಾಗಿಲ್ಲ, ನಿಲ್ಲಿ, ನಿಂತೇ ಇರಿ, ಒಬ್ಬರೂ ತಿನ್ನಬೇಡಿ, ಈ ಚಳಿಗಾಲವೆಲ್ಲ ನಿಲ್ಲಿ. ಎಷ್ಟು ನಿಶ್ಶಬ್ದ, ಹೊರಗಿನ ಹಗ್ಗ, ಟಣ್, ಬತ್ತಿಯ ಸಣ್ಣ ಚಟಪಟ, ಯಾರದೋ ಹೊಟ್ಟೆ ಗುರ್ ಎಂದದ್ದು ಕೂಡ ಕೇಳಿಸಿತು, ಗೋಡೆಯಾಚೆ ಪ್ಯಾಕಿಂಗಿನ ಯಂತ್ರ ನಿಂತಿದೆ, ನಿಲ್ಲಬೇಕಲ್ಲ, ಕಾಫಿ ಹೊತ್ತಿಗೆ ಅದು ನಿಲ್ಲುತ್ತದೆ, ನಾನು ಸೇರಿದ ದಿನದಿಂದ ನಿಲ್ಲುತ್ತದೆ, ಮಳೆ ಬರಲಿ ಬಿಸಿಲು ಬರಲಿ, ಬೇಸಗೆಯಲ್ಲೂ ನಿಲ್ಲುತ್ತದೆ.

ಪಿರ್ಕೊ, ಅಂದೆ. ಈ ಸಲ ದನಿ ಬಂತು, ದಪ್ಪಗೆ, ನನಗೇ ಗುರುತು ಸಿಗದ ಹಾಗೆ. ಪಿರ್ಕೊ, ಯಂತ್ರ ನಿಂತಿದೆ. ಕೇಳಿಸ್ತಾ ಇದೆಯಾ ನಿಂಗೆ? ಅವಳ ಕಣ್ಣು ಗದ್ದದಿಂದ ಮೇಲೆ ಬಂತು, ಬಾಯಿ ಸ್ವಲ್ಪ ತೆರೆಯಿತು, ಹಲ್ಲಿನ ನಡುವೆ ಬಿಸ್ಕತ್ತು ಹಿಡಿದ ಆ ದಿನದ ಬಾಯಿ, ಗೋಡೆಯ ಹತ್ತಿರ ಅವಳ ಅಳಿಯ ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತಿದ್ದಾನೆ, ಯಾರ್ಮೊ, ಕಾಫಿ ಆರ್ತದೆ ಪಿರ್ಕೊ, ಮುಗಿಸಿಬಿಡಿ, ಅಂದ, ಈಗ ಅವಳಿಗೂ ನೀವೇ. 'ನನ್ನ ಕೈ ನೋಯ್ತಾ ಇದೆ ಇರ್ಮೆಲಿ, ತಗೊಳ್ಳೇ' — ಪಿಸುಮಾತು, ನನಗೊಬ್ಬಳಿಗೇ. ನೋಯುತ್ತಿದ್ದರೆ ಬಿಡು, ಅಂದೆ, ಬಿಟ್ಬಿಡೇ ಪಿರ್ಕೊ. ಬಿಡಲಿಲ್ಲ. ಎದುರಿನವರು ಹಿಡಿದುಕೊಂಡ ಮೇಲೆಯೇ ಬೆರಳು ಬಿಚ್ಚಬೇಕು, ಅವಳಿಗೂ ನಾನೇ ಕಲಿಸಿದ್ದು, ಅವಳು ಕೆಲಸಕ್ಕೆ ಸೇರಿದ ಮೊದಲ ದಿನ, ಇದೇ ಕಟ್ಟಡದಲ್ಲಿ, ನಾವಿಬ್ಬರೂ ನಗುತ್ತ — ಬೆರಳುಗಳು ಬಿಗಿಯುತ್ತಿವೆ, ಬಿಳಿಯಾಗುತ್ತಿವೆ, ಬಿಳಿ ಬಟ್ಟೆಯ ಮೇಲೆ ಏನೋ ಬಿತ್ತು, ಸಿಗಡಿಯ ನೀರೋ, ಮೆಣಸಿನಕಾಯಿಯ ಚೂರೋ, ಕೆಂಪು, ಇನ್ನೊಂದು ಬಿತ್ತು, ಯಾರೂ ಅಲುಗುತ್ತಿಲ್ಲ, ಯಂತ್ರ ನಿಂತಿದೆ, ಎಲ್ಲರಿಗೂ ಎಲ್ಲವೂ ಕೇಳಿಸುತ್ತಿದೆ, ಹಿಡಿ ನನ್ನ ಕಡೆ, ಅಲಗು ಅವಳ ಅಂಗೈಯಲ್ಲಿ, ಹಿಡಿ ನನ್ನ ಕಡೆ, ಅಲಗು ಅವಳ ಅಂಗೈಯಲ್ಲಿ